25 ಕೋಟಿಯ ಟಿಕೆಟ್ಟೂ ಉಳಿದ 75 ಲಕ್ಷ ಟಿಕೆಟ್ಟುಗಳೂ

ಓಣಂ ಹತ್ತಿರ ಬಂತು ಅಂದ್ರೆ ಸಾಕು, ಹಾಸ್ಟೆಲಿನ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡೋಕೆ ಶುರುವಾಗುತ್ತೆ. ಕಾಸರಗೋಡಿನ ಕಡೆಯವರು, ವಯನಾಡಿನ ಕಡೆಯವರು ಯಾರಾದ್ರೂ ಊರಿಗೆ ಹೋಗ್ತಿದ್ರೆ ಹೇಳಿ, ಬಂಪರ್ ಟಿಕೆಟ್ ತರಿಸ್ಬೇಕು ಅಂತ. ಹತ್ತು ಜನ ಐವತ್ತೈವತ್ತು ಹಾಕಿದರೆ 500 ರೂಪಾಯಿಯ ಒಂದು ಟಿಕೆಟ್. 2024ರ ಓಣಂ ಬಂಪರಿನ 25 ಕೋಟಿ ರೂಪಾಯಿಯ ಮೊದಲ ಬಹುಮಾನ ಕರ್ನಾಟಕದವರೊಬ್ಬರಿಗೇ ಹೊಡೆದ ಮೇಲಂತೂ ಈ ಉತ್ಸಾಹಕ್ಕೆ ಮಿತಿಯಿಲ್ಲ.

ಗೆದ್ದವರ ಕಥೆ ಎಲ್ಲ ಚಾನೆಲ್ಲಿನಲ್ಲೂ ಬರುತ್ತೆ. ನಾವು ಇಲ್ಲಿ ಗೆಲ್ಲದವರ ದುಡ್ಡಿನ ಹಿಂದೆ ಹೋಗೋಣ. ಅದು ಬಡವರ ಆಸ್ಪತ್ರೆ ಖರ್ಚಿಗೆ ಹೋಗುತ್ತೆ ಅಂತ ಒಬ್ಬರು ಹೇಳ್ತಾರೆ. ಕೇರಳ ಸರ್ಕಾರ ನಡೆಯೋದೇ ಲಾಟರಿಯಿಂದ ಅಂತ ಇನ್ನೊಬ್ಬರು. ಎಲ್ಲ ಏಜೆಂಟರ ಜೇಬಿಗೆ ಅಂತ ಮತ್ತೊಬ್ಬರು. ಮೂರರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಎಷ್ಟೆಷ್ಟು ಅನ್ನೋದೇ ಪ್ರಶ್ನೆ, ಮತ್ತು ಲೆಕ್ಕ ನಮ್ಮ ಕೈಲಾಗದ್ದೇನಲ್ಲ.

ಮೊದಲು ಕಥೆ. 1967ರಲ್ಲಿ ಕೇರಳದಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ಎರಡನೇ ಸರ್ಕಾರ. ಹಣಕಾಸು ಮಂತ್ರಿ ಪಿ.ಕೆ. ಕುಂಞು. ಖಜಾನೆಯಲ್ಲಿ ದುಡ್ಡಿಲ್ಲ, ಹೊಸ ತೆರಿಗೆ ಹಾಕಿದರೆ ಜನ ಬಿಡಲ್ಲ. ಜನ ತಾವಾಗಿಯೇ ಬಂದು ಕೊಡುವ ತೆರಿಗೆ ಯಾವುದಾದರೂ ಇದೆಯಾ ಅಂತ ಯೋಚಿಸಿದರೆ ಉತ್ತರ ಒಂದೇ. ಅದಕ್ಕಂತಲೇ ಒಂದು ಸರ್ಕಾರಿ ಇಲಾಖೆ ಹುಟ್ಟಿತು. ದೇಶದಲ್ಲಿ ರಾಜ್ಯ ಸರ್ಕಾರವೊಂದು ಲಾಟರಿಗೆಂದೇ ಇಲಾಖೆ ತೆರೆದದ್ದು ಅದೇ ಮೊದಲು. 1967ರ ನವೆಂಬರ್ 1ರಂದು, ಅಂದರೆ ಕೇರಳದ ಹುಟ್ಟುಹಬ್ಬದ ದಿನ (ನಮ್ಮದೂ ಅದೇ ದಿನ ತಾನೆ!), ಮೊದಲ ಟಿಕೆಟ್ ಬಿಡುಗಡೆಯಾಯಿತು. ಬೆಲೆ 1 ರೂಪಾಯಿ, ಮೊದಲ ಬಹುಮಾನ 50,000 ರೂಪಾಯಿ. ಡ್ರಾ ನಡೆದದ್ದು 1968ರ ಜನವರಿ 26ರಂದು. ಆ ಮೊದಲ ವರ್ಷದ ಮಾರಾಟ ಸುಮಾರು 20 ಲಕ್ಷ ರೂಪಾಯಿ, ಅದರಲ್ಲಿ ಸರ್ಕಾರಕ್ಕೆ ಉಳಿದದ್ದು 14 ಲಕ್ಷ. ಈ ಎರಡು ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಹಾಗಂತ ಲಾಟರಿಯಿಂದ ಸಾರ್ವಜನಿಕ ಕೆಲಸ ಮಾಡಿಸೋದು ಕೇರಳ ಕಂಡುಹಿಡಿದದ್ದಲ್ಲ. ಸಿವಿಲ್ ಬ್ರಾಂಚಿನವರು ಸ್ವಲ್ಪ ಇತ್ತ ಕಿವಿಗೊಡಬೇಕು. ಕಲ್ಕತ್ತೆಯ ಟೌನ್ ಹಾಲ್ ಇದೆಯಲ್ಲ, ದಪ್ಪ ದಪ್ಪ ಡೋರಿಕ್ ಕಂಬಗಳ ಕಟ್ಟಡ, 1813ರಲ್ಲಿ ಮುಗಿದ ಅದು ಎದ್ದು ನಿಂತದ್ದು ಲಾಟರಿ ದುಡ್ಡಿನಲ್ಲಿ. ಕಟ್ಟಿಸಿದ್ದು ಜಾನ್ ಗಾರ್ಸ್ಟಿನ್ ಎಂಬ ಸೇನಾ ಎಂಜಿನಿಯರ್. 1817ರಲ್ಲಿ ಅಲ್ಲಿ 'ಲಾಟರಿ ಕಮಿಟಿ' ಅಂತಲೇ ಒಂದು ಸಮಿತಿ ರಚನೆಯಾಯಿತು. ಊರಿನ ಉತ್ತರದಿಂದ ದಕ್ಷಿಣಕ್ಕೆ ನೇರವಾದ ದೊಡ್ಡ ರಸ್ತೆಗಳು, ಹೂಗ್ಲಿ ದಂಡೆಯ ಸ್ಟ್ರಾಂಡ್ ರಸ್ತೆ, ಇವತ್ತು ಹಳೇ ಪುಸ್ತಕಕ್ಕೆ ಹೆಸರಾದ ಕಾಲೇಜ್ ಸ್ಟ್ರೀಟ್, ಇವೆಲ್ಲ ಆ ಸಮಿತಿಯ ಕಾಲದ ಕೆಲಸಗಳು. ಕಂಪನಿ ಸರ್ಕಾರಕ್ಕೆ ಊರು ಚೆಂದ ಆಗಬೇಕು, ಆದರೆ ತನ್ನ ಕೈಯಿಂದ ದುಡ್ಡು ಬಿಚ್ಚೋಕೆ ಮನಸ್ಸಿಲ್ಲ. ಟಿಕೆಟ್ ಕೊಂಡವರು ರಸ್ತೆ ಹಾಕಿಸಿಕೊಟ್ಟರು. ಸಾರ್ವಜನಿಕ ಕೆಲಸಕ್ಕೆ ಜೂಜಿನ ಹಣ ಎತ್ತೋದು ಸರಿಯಲ್ಲ ಅನ್ನುವ ಆಕ್ಷೇಪ ಇಂಗ್ಲೆಂಡಿನಲ್ಲಿ ಎದ್ದು, 1836ರ ಹೊತ್ತಿಗೆ ಈ ವ್ಯವಸ್ಥೆ ಮುಗಿಯಿತು. ಅವರ ದೇಶದ ಸರ್ಕಾರಿ ಲಾಟರಿಯ ಕೊನೆಯ ಡ್ರಾ ಅದಕ್ಕೂ ಹತ್ತು ವರ್ಷ ಮೊದಲು, 1826ರಲ್ಲೇ ಆಗಿಹೋಗಿತ್ತು.

ಆಮೇಲೆ 1870ರಲ್ಲಿ ದಂಡ ಸಂಹಿತೆಗೆ 294ಎ ಅಂತ ಒಂದು ಕಲಂ ಸೇರಿತು. ಸರ್ಕಾರ ನಡೆಸುವ ಅಥವಾ ಸರ್ಕಾರ ಒಪ್ಪಿಗೆ ಕೊಟ್ಟ ಲಾಟರಿ ಬಿಟ್ಟು ಬೇರೆ ಲಾಟರಿಯ ಕಚೇರಿ ಇಟ್ಟರೆ ಅಪರಾಧ ಅಂತ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ಮಾತು 297ನೇ ಕಲಮಿನಲ್ಲಿದೆ. ಸೂಕ್ಷ್ಮವಾಗಿ ನೋಡಿ: ಕಾನೂನು ಜೂಜನ್ನು ತಪ್ಪು ಅನ್ನುತ್ತೆ, ಸರ್ಕಾರ ಆಡಿಸಿದರೆ ಮಾತ್ರ ಅಲ್ಲ ಅನ್ನುತ್ತೆ. ಮುಂದಿನ ನೂರೈವತ್ತು ವರ್ಷದ ಎಲ್ಲ ಜಗಳವೂ ಈ ಒಂದು ವಿನಾಯಿತಿಯ ಸುತ್ತಲೇ.

ವಾರಕ್ಕೆ ಏಳು, ವರ್ಷಕ್ಕೆ ಆರು

ಈಗ ಜಾರಿಯಲ್ಲಿರೋದು 1998ರ ಲಾಟರಿ ನಿಯಂತ್ರಣ ಕಾಯ್ದೆ. ಸಂಸತ್ತಿನ ಕಾಯ್ದೆ, ಯಾಕಂದ್ರೆ ಸಂವಿಧಾನದ ಕೇಂದ್ರ ಪಟ್ಟಿಯ 40ನೇ ನಮೂದಿನಲ್ಲಿ ಸರ್ಕಾರಗಳು ನಡೆಸುವ ಲಾಟರಿಗಳು ಬರುತ್ತವೆ. ಉಳಿದ ಜೂಜು ರಾಜ್ಯ ಪಟ್ಟಿಗೆ. ಕಾಯ್ದೆಯ 4ನೇ ಕಲಂ ಷರತ್ತುಗಳನ್ನು ಹಾಕುತ್ತೆ. ಟಿಕೆಟ್ಟನ್ನು ರಾಜ್ಯವೇ ತನ್ನ ಮುದ್ರೆ ಹಾಕಿ ಮುದ್ರಿಸಬೇಕು, ಡ್ರಾ ರಾಜ್ಯವೇ ತನ್ನ ನೆಲದಲ್ಲೇ ನಡೆಸಬೇಕು, ಒಂದೇ ಅಂಕಿಯ ಮೇಲೆ ಬಹುಮಾನ ಕೊಡಬಾರದು, ಮಾರಾಟದ ಹಣ ರಾಜ್ಯದ ಸಾರ್ವಜನಿಕ ಖಾತೆಗೇ ಬರಬೇಕು. ಜೊತೆಗೆ ಇನ್ನೆರಡು: ಯಾವ ಲಾಟರಿಗೂ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಇರಕೂಡದು, ವರ್ಷಕ್ಕೆ ಆರಕ್ಕಿಂತ ಹೆಚ್ಚು ಬಂಪರ್ ಇರಕೂಡದು.

ಜನ ದಿನಾ ಜೂಜಾಡಬಾರದು ಅನ್ನೋದು ಈ ಎರಡು ಷರತ್ತಿನ ಉದ್ದೇಶ. ಈಗ ಕೇರಳದ ವೇಳಾಪಟ್ಟಿ ನೋಡಿ. ಮಂಗಳವಾರ ಸ್ತ್ರೀ ಶಕ್ತಿ, ಗುರುವಾರ ಕಾರುಣ್ಯ ಪ್ಲಸ್, ಶನಿವಾರ ಕಾರುಣ್ಯ, ಹೀಗೆ ವಾರದ ಏಳು ದಿನಕ್ಕೂ ಬೇರೆ ಬೇರೆ ಹೆಸರಿನ ಒಂದೊಂದು ಲಾಟರಿ. ಪ್ರತಿಯೊಂದಕ್ಕೂ ವಾರಕ್ಕೆ ಒಂದೇ ಡ್ರಾ! ಬಂಪರ್? ಓಣಂ, ಪೂಜಾ, ಕ್ರಿಸ್‌ಮಸ್-ಹೊಸವರ್ಷ, ಬೇಸಿಗೆ, ವಿಷು, ಮಳೆಗಾಲ. ಎಣಿಸಿದರೆ ಸರಿಯಾಗಿ ಆರು. ಕಾನೂನಿನ ಒಂದಕ್ಷರವೂ ಮುರಿದಿಲ್ಲ, ಮಧ್ಯಾಹ್ನ 3 ಗಂಟೆಗೆ ದಿನಾ ಡ್ರಾ ತಪ್ಪೋದೂ ಇಲ್ಲ. ಅಸೈನ್‌ಮೆಂಟಿನ ಮಾರ್ಜಿನ್ ಹೆಚ್ಚಿಸಿ ಪುಟ ತುಂಬಿಸುವ ನಮಗೆ ಈ ಜಾಣತನ ಅಪರಿಚಿತವೇನಲ್ಲ.

500 ರೂಪಾಯಿ ಒಡೆದು ನೋಡೋಣ

2023ರ ಓಣಂ ಬಂಪರನ್ನೇ ಉದಾಹರಣೆಗೆ ತಗೊಳ್ಳೋಣ. ಟಿಕೆಟ್ 500 ರೂಪಾಯಿ, ಮೊದಲ ಬಹುಮಾನ 25 ಕೋಟಿ, ಸಣ್ಣದು ದೊಡ್ಡದು ಸೇರಿ 5 ಲಕ್ಷಕ್ಕೂ ಹೆಚ್ಚು ಬಹುಮಾನಗಳು, ಎಲ್ಲದರ ಮೊತ್ತ ಸುಮಾರು 125 ಕೋಟಿ. ಮಾರಾಟವಾದದ್ದು 75 ಲಕ್ಷಕ್ಕೂ ಸ್ವಲ್ಪ ಹೆಚ್ಚು ಟಿಕೆಟ್. ಲೆಕ್ಕಕ್ಕೆ 75 ಲಕ್ಷ ಅಂತಲೇ ಇಟ್ಟುಕೊಳ್ಳೋಣ.

ಒಟ್ಟು ಸಂಗ್ರಹ 375 ಕೋಟಿ. 500 ರೂಪಾಯಿಯ ಒಳಗೇ ಆಗಿನ ಶೇ. 28 ಜಿಎಸ್‌ಟಿ ಸೇರಿದೆ, ಹಾಗಾಗಿ 500ನ್ನು 1.28ರಿಂದ ಭಾಗಿಸಬೇಕು. ಟಿಕೆಟ್ಟಿನ ನಿಜವಾದ ಬೆಲೆ 390 ರೂಪಾಯಿ 63 ಪೈಸೆ, ತೆರಿಗೆ 109 ರೂಪಾಯಿ 37 ಪೈಸೆ. ಒಟ್ಟು ಮಾರಾಟದ ಮೇಲೆ ಅದು 82 ಕೋಟಿ, ಅರ್ಧ ಕೇಂದ್ರಕ್ಕೆ, ಅರ್ಧ ಕೇರಳಕ್ಕೆ. ಬಹುಮಾನದ 125 ಕೋಟಿಯನ್ನು 75 ಲಕ್ಷ ಟಿಕೆಟ್ಟಿಗೆ ಹಂಚಿದರೆ ಟಿಕೆಟ್ಟೊಂದಕ್ಕೆ ಸುಮಾರು 167 ರೂಪಾಯಿ. ನಮ್ಮ ಪ್ರಾಬಬಿಲಿಟಿ ಪೇಪರಿನಲ್ಲಿ ಬರುವ ನಿರೀಕ್ಷಿತ ಮೌಲ್ಯ ಅಂದ್ರೆ ಇದೇ: 500 ಕೊಟ್ಟು ಸರಾಸರಿ 167 ವಾಪಸ್. ಮೊದಲ ಬಹುಮಾನದ್ದು ಮಾತ್ರ ತೆಗೆದುಕೊಂಡರೆ 33 ರೂಪಾಯಿ. 75 ಲಕ್ಷದಲ್ಲಿ ಒಂದು ಅನ್ನುವ ಸಾಧ್ಯತೆ ಎಷ್ಟು ಚಿಕ್ಕದು ಅಂತ ಅನುಭವಕ್ಕೆ ಬರಬೇಕಾದರೆ ಕೈಯಲ್ಲಿ ಒಂದು ನಾಣ್ಯ ಹಿಡಿದು ಚಿಮ್ಮಿಸಿ. ಸತತವಾಗಿ 23 ಸಲ ಹೆಡ್ಸ್ ಬಿದ್ದರೆ ಹೆಚ್ಚುಕಡಿಮೆ ಅಷ್ಟು.

ಗೆದ್ದವರಿಗೂ 25 ಕೋಟಿ ಪೂರ್ತಿ ಸಿಗಲ್ಲ. ಟಿಕೆಟ್ ಮಾರಿದ ಏಜೆಂಟರ ಪಾಲು ಅಂತ ಶೇ. 10 ಅದರಿಂದಲೇ ಹೋಗುತ್ತೆ, ಉಳಿದದ್ದು 22.5 ಕೋಟಿ. ಅದರ ಮೇಲೆ ಮೂಲದಲ್ಲೇ ಶೇ. 30 ಆದಾಯ ತೆರಿಗೆ ಕಡಿತ, ಉಳಿದದ್ದು 15.75 ಕೋಟಿ. ಆಮೇಲೆ ಸರ್‌ಚಾರ್ಜ್, ಸೆಸ್. ಇಷ್ಟೊಂದು ಉಳಿದರೆ ಸಾಲದಾ ಅಂತ ನೀವು ಕೇಳಬಹುದು, ನಮಗೂ ಸಾಕು. ಆದರೆ ಗಮನಿಸಿ: ಬಹುಮಾನ ಅಂತ ಬರೆದಿರುವ ಅಂಕಿಯಲ್ಲೂ ಒಂದು ದೊಡ್ಡ ಭಾಗ ತೆರಿಗೆಯಾಗಿ ವಾಪಸ್ ಬರುತ್ತೆ, ಅದೂ ಮೊದಲು ಕೇಂದ್ರದ ಕೈಗೆ.

375ರಲ್ಲಿ 82 ಮತ್ತು 125 ಕಳೆದರೆ 168 ಕೋಟಿ ಉಳಿಯುತ್ತೆ. ಏಜೆಂಟರ, ಸಣ್ಣ ಮಾರಾಟಗಾರರ ಕಮಿಷನ್, ಮುದ್ರಣ, ಜಾಹೀರಾತು, ಇಲಾಖೆಯ ಸಂಬಳ ಇದರಲ್ಲೇ. ಇವೆಲ್ಲ ಕಳೆದು ಉಳಿದದ್ದು ಖಜಾನೆಗೆ. ಇದು ಬಂಪರಿನ ಲೆಕ್ಕ. ದಿನದ ಟಿಕೆಟ್ಟುಗಳಲ್ಲಿ ಬಹುಮಾನದ ಪಾಲು ಇದಕ್ಕಿಂತ ಹೆಚ್ಚು, ಹಾಗಾಗಿ ಸರ್ಕಾರಕ್ಕೆ ಉಳಿಯೋದು ಇನ್ನೂ ಕಡಿಮೆ.

ಈಗ ಇಡೀ ವರ್ಷದ ಚಿತ್ರ. 2010-11ರಲ್ಲಿ ಕೇರಳ ಲಾಟರಿಯ ವಹಿವಾಟು 550 ಕೋಟಿಯ ಆಸುಪಾಸು. ಆ ಹೊತ್ತಿಗೆ ಹೊರರಾಜ್ಯದ ಮತ್ತು ಭೂತಾನಿನ ಲಾಟರಿಗಳು ಕೇರಳದ ಮಾರುಕಟ್ಟೆಯಿಂದ ಹೊರಬಿದ್ದವು, 2011ರಲ್ಲಿ ಕಾರುಣ್ಯ ಲಾಟರಿ ಬಂತು. 2018-19ಕ್ಕೆ ವಹಿವಾಟು 9,200 ಕೋಟಿ ದಾಟಿತು. ಎಂಟು ವರ್ಷದಲ್ಲಿ ಹದಿನಾರು ಪಟ್ಟು! ಆ ವರ್ಷ ಕೇರಳದ ತೆರಿಗೆಯೇತರ ಆದಾಯದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಲಾಟರಿಯದ್ದೇ. ಸರ್ಕಾರ ಲಾಟರಿಯಿಂದಲೇ ನಡೆಯುತ್ತೆ ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದ.

ಆದರೆ ಅದು ವಹಿವಾಟು, ಲಾಭ ಅಲ್ಲ. ಬಜೆಟ್ ಪುಸ್ತಕದಲ್ಲಿ ಟಿಕೆಟ್ ಮಾರಿ ಬಂದದ್ದೆಲ್ಲ ಆದಾಯದ ಕಡೆ ಬರುತ್ತೆ, ಬಹುಮಾನ ಮತ್ತು ಕಮಿಷನ್ ಖರ್ಚಿನ ಕಡೆ ಬರುತ್ತೆ. ಆದಾಯದ ಪುಟ ಮಾತ್ರ ಓದಿದರೆ ಕಣ್ಣು ಕುಕ್ಕುತ್ತೆ. ಆ ವರ್ಷದ ಲಾಭ 1,700 ಕೋಟಿಯ ಹತ್ತಿರ. ರಾಜ್ಯದ ಒಟ್ಟು ರಾಜಸ್ವ ಸುಮಾರು 93 ಸಾವಿರ ಕೋಟಿ. ಅಂದರೆ ಶೇ. 2ಕ್ಕೂ ಕಡಿಮೆ. ನೆನಪಿದೆಯಾ, ಮೊದಲ ವರ್ಷ 20 ಲಕ್ಷದಲ್ಲಿ 14 ಲಕ್ಷ ಉಳಿದಿತ್ತು, ಶೇ. 70. ಐವತ್ತು ವರ್ಷದ ನಂತರ 100 ರೂಪಾಯಿಯ ಟಿಕೆಟ್ ಮಾರಿದರೆ ಸರ್ಕಾರಕ್ಕೆ 18 ರೂಪಾಯಿ. ಜನರನ್ನು ಹಿಡಿದಿಡೋಕೆ ಬಹುಮಾನ ಹೆಚ್ಚಿಸಬೇಕು, ಮಾರೋರನ್ನು ಹಿಡಿದಿಡೋಕೆ ಕಮಿಷನ್ ಹೆಚ್ಚಿಸಬೇಕು. ಜನರಿಂದ 100 ಎತ್ತಿ ಖಜಾನೆಗೆ 18 ತಲುಪಿಸುವ ಯಂತ್ರದ ಎಫಿಶಿಯೆನ್ಸಿ ಎಷ್ಟು ಅಂತ ಮೆಕ್ಯಾನಿಕಲ್‌ನವರನ್ನು ಕೇಳಬೇಕಾಗಿಲ್ಲ.

ಇನ್ನು ಆಸ್ಪತ್ರೆಯ ಮಾತು. ಅದು ಸುಳ್ಳಲ್ಲ. 2011-12ರ ಹೊತ್ತಿಗೆ ಹಣಕಾಸು ಮಂತ್ರಿಯಾಗಿದ್ದ ಕೆ.ಎಂ. ಮಾಣಿ ಕಾರುಣ್ಯ ಬೆನೆವೊಲೆಂಟ್ ಫಂಡ್ ತಂದರು. ಕಾರುಣ್ಯ ಲಾಟರಿಯ ಲಾಭ ಕ್ಯಾನ್ಸರ್, ಹೃದಯ, ಕಿಡ್ನಿ, ಹಿಮೋಫಿಲಿಯಾ ರೋಗಿಗಳ ಚಿಕಿತ್ಸೆಗೆ ಅಂತ ಮೀಸಲು. ಬಡ ಕುಟುಂಬಕ್ಕೆ ಲಕ್ಷಗಟ್ಟಲೆ ನೆರವು ನಿಜವಾಗಿ ಸಿಕ್ಕಿತು. ಈಗ ಅದು ರಾಜ್ಯದ ಆರೋಗ್ಯ ವಿಮಾ ಯೋಜನೆಯ ಜೊತೆ ಸೇರಿಕೊಂಡಿದೆ. ಟಿಕೆಟ್ ಕೊಳ್ಳುವವರ ಮನಸ್ಸಿಗೂ ಇದು ಸಮಾಧಾನ: ಹೊಡೆದರೆ ನನಗೆ, ಹೊಡೆಯದಿದ್ದರೆ ಯಾರೋ ರೋಗಿಗೆ.

ಇಲ್ಲೊಂದು ತೊಡಕಿದೆ. ಮನೆಯಿಂದ ತಿಂಗಳಿಗೆ 5,000 ಬರುತ್ತೆ ಅಂದ್ಕೊಳ್ಳಿ. ನಿಮಗೆ ಪುಸ್ತಕಕ್ಕೆಂದೇ 1,000 ರೂಪಾಯಿ ಸ್ಕಾಲರ್‌ಶಿಪ್ ಸಿಕ್ಕಿತು, ಅದು ಗೊತ್ತಾದ ತಕ್ಷಣ ಅಪ್ಪ 4,000 ಕಳಿಸೋಕೆ ಶುರು ಮಾಡಿದರು. ಸ್ಕಾಲರ್‌ಶಿಪ್ ಪುಸ್ತಕಕ್ಕೇ ಹೋಯಿತು, ನಿಜ. ನಿಮ್ಮ ಕೈಯಲ್ಲಿ ಮಾತ್ರ ಒಂದು ಪೈಸೆ ಹೆಚ್ಚಾಗಲಿಲ್ಲ. ಲಾಟರಿ ಹಣವನ್ನು ಶಿಕ್ಷಣಕ್ಕೋ ಆರೋಗ್ಯಕ್ಕೋ ಮೀಸಲಿಟ್ಟ ಕಡೆಯೆಲ್ಲ ಕೇಳಬೇಕಾದ ಪ್ರಶ್ನೆ ಇದು: ಆ ಹಣ ಬಂದ ಮೇಲೆ ಸರ್ಕಾರ ತನ್ನ ಮಾಮೂಲಿ ಅನುದಾನ ಹಾಗೇ ಇಟ್ಟಿತಾ, ಇಲ್ಲ ಅಷ್ಟು ಕಡಿಮೆ ಮಾಡಿತಾ? ಬ್ರಿಟನ್ 1994ರಲ್ಲಿ ಮತ್ತೆ ರಾಷ್ಟ್ರೀಯ ಲಾಟರಿ ಆರಂಭಿಸಿದಾಗ ಈ ಅನುಮಾನ ಬರದಿರಲಿ ಅಂತಲೇ ಸಾರ್ವಜನಿಕ ಕೆಲಸದ ಪಾಲನ್ನು ಖಜಾನೆಯ ಹೊರಗೆ ಬೇರೆ ನಿಧಿಯಲ್ಲಿ ಇಟ್ಟಿತು.

ನಮ್ಮ ಮಟ್ಟಿಗೆ ಅದಕ್ಕಿಂತ ಕಷ್ಟದ ಪ್ರಶ್ನೆ ಬೇರೆ. ಆ ನಿಧಿಗೆ ದುಡ್ಡು ಹಾಕಿದ್ದು ಯಾರು? ದಿನಾ 50 ರೂಪಾಯಿಯ ಟಿಕೆಟ್ ಕೊಳ್ಳೋದು ಟೆಕ್ನೋಪಾರ್ಕಿನ ಮ್ಯಾನೇಜರ್ ಅಲ್ಲ. ಕೂಲಿಯವರು, ಆಟೊ ಓಡಿಸುವವರು, ಬೇರೆ ರಾಜ್ಯದಿಂದ ಬಂದ ಕಟ್ಟಡ ಕಾರ್ಮಿಕರು. ದಿನಕ್ಕೆ ಒಂದು ಟಿಕೆಟ್ ಅಂದರೂ ವರ್ಷಕ್ಕೆ 18,250 ರೂಪಾಯಿ. ಆದಾಯ ತೆರಿಗೆಯ ಮಿತಿಯ ಹತ್ತಿರಕ್ಕೂ ಬಾರದ ಒಬ್ಬ ಮನುಷ್ಯ ಇಷ್ಟು ಕಟ್ಟುತ್ತಾನೆ, ರಸೀದಿಯ ಮೇಲೆ ತೆರಿಗೆ ಅಂತ ಎಲ್ಲೂ ಬರೆದಿರೋದಿಲ್ಲ. ಯಾರೂ ಬಲವಂತ ಮಾಡಿಲ್ಲವಲ್ಲ ಅನ್ನೋದು ಸರಿಯೇ. ಆದರೆ ಸರ್ಕಾರವೇ ಜಾಹೀರಾತು ಕೊಟ್ಟು, ದಿನಕ್ಕೊಂದು ಹೆಸರಿಟ್ಟು ಮಾರುವಾಗ ಆ ವಾದ ಸ್ವಲ್ಪ ತೆಳುವಾಗುತ್ತೆ.

ಹಾಗಾದ್ರೆ ನಿಲ್ಲಿಸಿಬಿಡಬಹುದಲ್ಲ? ಅಲ್ಲೇ ಸಿಕ್ಕಿಹಾಕಿಕೊಳ್ಳೋದು. ಕೇರಳದಲ್ಲಿ ಲಾಟರಿ ಮಾರಿ ಬದುಕುವವರು ಲಕ್ಷಕ್ಕೂ ಹೆಚ್ಚು. ತ್ರಿಚಕ್ರದ ಗಾಡಿಯಲ್ಲಿ ಕೂತು ಮಾರುವ ಅಂಗವಿಕಲರು, ಬಸ್‌ಸ್ಟ್ಯಾಂಡಿನ ಅಜ್ಜಂದಿರು, ವಿಧವೆಯರು. ಇವರಿಗೆಂದೇ ಕಲ್ಯಾಣ ನಿಧಿ ಮಂಡಳಿ ಇದೆ. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಡ್ರಾ ನಿಂತಾಗ ಇವರ ಅಂದಂದಿನ ಅನ್ನವೇ ನಿಂತಿತು. 100 ರೂಪಾಯಿಯಲ್ಲಿ ಖಜಾನೆಗೆ ಬಾರದ ದೊಡ್ಡ ಭಾಗ ಎಲ್ಲಿ ಸೋರಿಹೋಯಿತು ಅಂತ ಹುಡುಕಿದರೆ ಒಂದು ಪಾಲು ಸಿಗೋದು ಇವರ ತಟ್ಟೆಯಲ್ಲಿ. ಎಫಿಶಿಯೆನ್ಸಿ ಕಡಿಮೆ ಅಂತ ಆಗಲೇ ನಕ್ಕೆವಲ್ಲ, ಆ ನಷ್ಟದಲ್ಲೊಂದು ಭಾಗ ಪಿಂಚಣಿಯ ಕೆಲಸ ಮಾಡ್ತಿದೆ. ಅದೂ ಸುಖದ ಪಿಂಚಣಿಯಲ್ಲ. ಸಂಜೆಯೊಳಗೆ ಮಾರದ ಟಿಕೆಟ್ಟಿನ ನಷ್ಟ ಬೀದಿಯಲ್ಲಿ ನಿಂತು ಮಾರುವವರದ್ದೇ.

ನಮ್ಮ ರಾಜ್ಯ ನಿಲ್ಲಿಸಿತು

ಕರ್ನಾಟಕಕ್ಕೂ ತನ್ನದೇ ಲಾಟರಿ ಇತ್ತು. ನಮ್ಮ ಅಪ್ಪ-ಅಮ್ಮನ ತಲೆಮಾರಿನವರನ್ನು ಕೇಳಿ ನೋಡಿ, ಪೆಟ್ಟಿಗೆ ಅಂಗಡಿಯ ಮುಂದೆ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿರುತ್ತಿದ್ದ ಟಿಕೆಟ್ಟುಗಳ ನೆನಪು ಇದ್ದೇ ಇರುತ್ತೆ. ಹೊರರಾಜ್ಯದ ಲಾಟರಿಗಳು, ಆಮೇಲೆ ಗಂಟೆಗೊಂದು ಫಲಿತಾಂಶ ಕೊಡುವ ಆನ್‌ಲೈನ್ ಲಾಟರಿಗಳು ಬಂದ ಮೇಲೆ ಹಾವಳಿ ಮಿತಿಮೀರಿತು. ಸಂಬಳದ ದಿನವೇ ಸಂಬಳ ಮುಗಿಸಿ ಮನೆಗೆ ಹೋಗುವ ಪರಿಸ್ಥಿತಿ.

ಇಲ್ಲೊಂದು ಕಾನೂನಿನ ಬಿಕ್ಕಟ್ಟು. 1999ರಲ್ಲಿ ಬಿ.ಆರ್. ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತ್ತು: ಬೇರೆ ರಾಜ್ಯದ ಲಾಟರಿಯನ್ನು ನಿಷೇಧಿಸಬೇಕು ಅಂದ್ರೆ ಮೊದಲು ನಿಮ್ಮದನ್ನು ನಿಲ್ಲಿಸಿ. ನನ್ನದು ಪವಿತ್ರ, ಪಕ್ಕದವರದ್ದು ಜೂಜು ಅಂತ ಹೇಳೋಕಾಗಲ್ಲ. ಹಾಗಾಗಿ ಕರ್ನಾಟಕದ ಮುಂದೆ ಎರಡೇ ದಾರಿ. ಎಲ್ಲವೂ ಇರಲಿ, ಇಲ್ಲ ಯಾವುದೂ ಬೇಡ. 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಸರ್ಕಾರ ಎರಡನೆಯದನ್ನು ಆರಿಸಿಕೊಂಡಿತು.

ನಿಷೇಧಕ್ಕೂ ಮೊದಲು, 2004ರಲ್ಲಿ, ಹೊರಗಿನ ಲಾಟರಿಗಳ ಮೇಲೆ ತೆರಿಗೆ ಹಾಕುವ ಕಾಯ್ದೆಯನ್ನೂ ಕರ್ನಾಟಕ ಮಾಡಿತ್ತು. ಮೇಘಾಲಯ ಮೊದಲಾದ ರಾಜ್ಯಗಳು ಕೋರ್ಟಿಗೆ ಹೋದವು, ಹೈಕೋರ್ಟಿನಲ್ಲಿ ನಮ್ಮ ರಾಜ್ಯ ಸೋತಿತು. ಕೊನೆಗೆ 2022ರ ಮಾರ್ಚಿನಲ್ಲಿ ನ್ಯಾಯಮೂರ್ತಿಗಳಾದ ಎಂ.ಆರ್. ಶಾ ಮತ್ತು ಬಿ.ವಿ. ನಾಗರತ್ನ ಅವರ ಪೀಠ ಆ ತೀರ್ಪನ್ನು ತಿರುಗಿಸಿತು. ಲಾಟರಿ ನಡೆಸುವ ನಿಯಮ ಮಾಡೋದು ಸಂಸತ್ತಿನ ಕೆಲಸ ಇರಬಹುದು, ಆದರೆ ಜೂಜಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯದ್ದೇ, ಲಾಟರಿಯೂ ಜೂಜೇ ಅಂತ. ಕರ್ನಾಟಕದ ಕಾಯ್ದೆ ಉಳಿಯಿತು, ನಿಷೇಧವಾಗಿ ಹದಿನೈದು ವರ್ಷವಾದ ಮೇಲೆ!

ನಿಷೇಧದಿಂದ ಎಲ್ಲ ನಿಂತಿತಾ ಅಂದ್ರೆ ಇಲ್ಲ. 2015ರಲ್ಲಿ ಒಂದಂಕಿ ಲಾಟರಿ ಹಗರಣ ಹೊರಬಿದ್ದು, ಪೊಲೀಸ್ ಅಧಿಕಾರಿಗಳ ಹೆಸರೂ ಕೇಳಿಬಂದು, ತನಿಖೆ ಸಿಬಿಐಗೆ ಹೋಯಿತು. ಮಟ್ಕಾ ಇವತ್ತಿಗೂ ಇದೆ. ಆದರೆ ಸರ್ಕಾರಿ ಲಾಟರಿ ಇದ್ದರೆ ಕಳ್ಳ ಲಾಟರಿ ಇರಲ್ಲ ಅನ್ನೋದೂ ನಿಜವಲ್ಲ. ಕೇರಳದಲ್ಲಿ ಸರ್ಕಾರಿ ಡ್ರಾದ ಮೊದಲ ಬಹುಮಾನದ ಕೊನೆಯ ಮೂರು ಅಂಕಿಯ ಮೇಲೇ ಬಾಜಿ ಕಟ್ಟಿಸುವ ಕಳ್ಳ ದಂಧೆ ನಡೆಯುತ್ತೆ. ಯಾರೂ ಅನುಮಾನ ಪಡದ ರ್‍ಯಾಂಡಮ್ ನಂಬರ್ ಬೇಕು, ಸರ್ಕಾರ ದಿನಾ ಮಧ್ಯಾಹ್ನ ಪುಕ್ಕಟೆಯಾಗಿ ಕೊಡುತ್ತೆ!

ಈಚಿನ ಕಥೆ ತೆರಿಗೆಯದ್ದು. 2019ರ ಡಿಸೆಂಬರಿನವರೆಗೂ ಜಿಎಸ್‌ಟಿ ಮಂಡಳಿಯಲ್ಲಿ ಪ್ರತಿಯೊಂದೂ ಒಮ್ಮತದಿಂದಲೇ ತೀರ್ಮಾನ ಆಗ್ತಿತ್ತು. ಮೊದಲ ಸಲ ಮತಕ್ಕೆ ಹಾಕಬೇಕಾದ ವಿಷಯ ಯಾವುದು ಗೊತ್ತಾ? ಲಾಟರಿ. ಸರ್ಕಾರ ತಾನೇ ನಡೆಸುವ ಲಾಟರಿಗೆ ಶೇ. 12, ಖಾಸಗಿಯವರ ಮೂಲಕ ನಡೆಸಿದರೆ ಶೇ. 28 ಅಂತ ಇದ್ದ ಭೇದವನ್ನು ಉಳಿಸಬೇಕು ಅಂತ ಕೇರಳದ ಥಾಮಸ್ ಐಸಾಕ್ ಪಟ್ಟು ಹಿಡಿದರು, ಸೋತರು. 2020ರ ಮಾರ್ಚ್ 1ರಿಂದ ಎಲ್ಲಕ್ಕೂ ಶೇ. 28. 2025ರ ಸೆಪ್ಟೆಂಬರ್ 22ರಿಂದ ಶೇ. 40. ಟಿಕೆಟ್ಟಿನ ಬೆಲೆ ಅದೇ ಇಟ್ಟುಕೊಂಡರೆ 50 ರೂಪಾಯಿಯಲ್ಲಿ 14 ರೂಪಾಯಿ 29 ಪೈಸೆ ತೆರಿಗೆಗೇ ಹೋಗುತ್ತೆ. ಉಳಿದದ್ದರಲ್ಲಿ ಬಹುಮಾನ ಕಡಿಮೆ ಮಾಡಬೇಕು, ಇಲ್ಲ ಮಾರುವವರ ಕಮಿಷನ್ ಕತ್ತರಿಸಬೇಕು, ಇಲ್ಲ ಸರ್ಕಾರದ ಲಾಭ. ಅಜ್ಜನ ತಟ್ಟೆಗೆ ಕೈ ಹಾಕದೆ ಈ ಲೆಕ್ಕ ಹೊಂದೋದು ಕಷ್ಟ.

ಅದೇ 2025ರಲ್ಲಿ ಹಿಮಾಚಲ ಪ್ರದೇಶದ ಸಂಪುಟ, ಹಿಂದೆ ತಾನೇ ನಿಲ್ಲಿಸಿದ್ದ ಲಾಟರಿಯನ್ನು ಮತ್ತೆ ಶುರು ಮಾಡೋಕೆ ಒಪ್ಪಿಗೆ ಕೊಟ್ಟಿತು. ಕಾರಣ 1967ರ ಕೇರಳದ್ದೇ: ಖಜಾನೆಯಲ್ಲಿ ದುಡ್ಡಿಲ್ಲ.

ಕೊನೆಗೆ ಹಾಸ್ಟೆಲಿನ ಮೆಸೇಜಿನ ವಿಷಯಕ್ಕೆ ಸ್ವಲ್ಪ ಕೆಲಸಕ್ಕೆ ಬರುವ ಮಾಹಿತಿ. ಕೇರಳ ಲಾಟರಿಯ ಟಿಕೆಟ್ಟನ್ನು ಕರ್ನಾಟಕದಲ್ಲಿ ಮಾರುವಂತಿಲ್ಲ. ಕೇರಳ ಮಾರೋದು ಕಾಗದದ ಟಿಕೆಟ್ ಮಾತ್ರ, ಹಾಗಾಗಿ ಇನ್‌ಸ್ಟಾಗ್ರಾಂನಲ್ಲಿ ಬರುವ 'ಕೇರಳ ಲಾಟರಿ ಆನ್‌ಲೈನ್' ಆ್ಯಪ್‌ಗಳೆಲ್ಲ ಬೋಗಸ್, ನಿಮಗೆ ಬಹುಮಾನ ಬಂದಿದೆ ಮೊದಲು ಜಿಎಸ್‌ಟಿ ಕಟ್ಟಿ ಅಂತ ಬರುವ ಫೋನೂ ಅಷ್ಟೇ. ಅಲ್ಲಿಗೇ ಹೋಗಿ ಕೊಂಡ ಟಿಕೆಟ್ಟಿಗೆ ನಿಜವಾಗಿ ಬಹುಮಾನ ಬಂದರೆ ಹೊರರಾಜ್ಯದವರೂ ಪಡೆಯಬಹುದು, ಡ್ರಾ ಆದ 30 ದಿನದೊಳಗೆ ಮೂಲ ಟಿಕೆಟ್ ಒಪ್ಪಿಸಬೇಕು. ಹತ್ತು ಜನ ಸೇರಿ ಕೊಂಡಿದ್ದರೆ ಯಾರ ಹೆಸರಲ್ಲಿ ಅನ್ನೋದನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳೋದು ಒಳ್ಳೇದು. ಯಾರೂ ಕೇಳದೆ ಉಳಿದ ಬಹುಮಾನದ ಹಣ 1998ರ ಕಾಯ್ದೆಯ ಪ್ರಕಾರ ಸರ್ಕಾರದ ಸ್ವತ್ತು.